ಖಾಲಿ ಕಾವು

ಅತ್ತೆ ಬೆಳಿಗ್ಗೆ ಎದ್ದು ಮೊಟ್ಟೆ ತಿನ್ನಲು ಪಕ್ಕದ ಮನೆಗೆ ಹೋಗತೊಡಗಿ ಆವತ್ತಿಗೆ ಹನ್ನೊಂದು ದಿನ. ದಿನ ಎಣಿಸುತ್ತಿದ್ದವಳು ದೊಡ್ಡ ಸೊಸೆ. ಅತ್ತೆಗೆ ಈ ಎಣಿಕೆಯ ಸುಳಿವೇ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟೇ: ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ ಬೇಕು, ಹಳದಿ ತುಸು ಮೆತ್ತಗಿರಬೇಕು, ಮೇಲೆ ಒಂದು ಚಿಟಿಕೆ ಮೆಣಸಿನ ಪುಡಿ ಬೀಳಬೇಕು. ಈ ಮನೆಯಲ್ಲಿ ಸಿಗದಿದ್ದರೆ ಆ ಮನೆ.

ಆ ಮನೆ ಎಂದರೆ ಬೇರೆಯವರದೇನಲ್ಲ, ಚಿಕ್ಕ ಮಗನದೇ. ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಈ ಕಡೆ ದೊಡ್ಡ ಸೊಸೆಯ ಐದು ಕೋಳಿ, ಆ ಕಡೆ ಚಿಕ್ಕ ಸೊಸೆಯ ಆರು. ಕೂಗಾಟದ ತಕರಾರು ಬಂದು ಎರಡು ವರ್ಷದ ಹಿಂದೆಯೇ ಹುಂಜವನ್ನು ಸಾಗಹಾಕಿದ್ದರಿಂದ ಎರಡೂ ಕಡೆ ಬರೀ ಹೇಂಟೆಗಳೇ.

ದೊಡ್ಡವಳು ಟೈಲರ್. ಮುಂದಿನ ಕೋಣೆಯ ಕಿಟಕಿಗೆ ಮೆಷಿನ್ ಹಾಕಿಕೊಂಡು ಶಾಲೆಯ ಯೂನಿಫಾರ್ಮು, ಪರದೆ, ಉದ್ದವಾದ ಪ್ಯಾಂಟು, ಬಿಗಿಯಾದ ಅಂಗಿ ಎಲ್ಲವನ್ನೂ ಸರಿಮಾಡಿಕೊಡುತ್ತಿದ್ದಳು. ಆದರೆ ಬೀದಿಯಲ್ಲಿ ಅವಳಿಗೆ ಹೆಸರಿದ್ದದ್ದು ಹೊಲಿಗೆಗಿಂತ ಹೆಚ್ಚಾಗಿ ಕೋಳಿಯಿಂದ. ಹತ್ತು ವರ್ಷದಿಂದ ಸಾಕಿದ್ದಾಳೆ. ಯಾರದಾದರೂ ಹೇಂಟೆ ಮೊಟ್ಟೆ ನಿಲ್ಲಿಸಿದರೆ, ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದರೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಸೀದಾ ಅವಳ ಗೇಟಿಗೆ ಬರುತ್ತಿದ್ದರು. ಅವಳು ಸೂಜಿಯನ್ನು ಕಾಲರಿಗೆ ಚುಚ್ಚಿಟ್ಟು ಎದ್ದು ಬಂದು, ಕೋಳಿಯನ್ನು ತೊಡೆಯ ಮೇಲೆ ಮಗುಚಿ, ಹಿಂಭಾಗದ ಎರಡು ಎಲುಬಿನ ನಡುವೆ ಬೆರಳಿಟ್ಟು ನೋಡುತ್ತಿದ್ದಳು. ಎರಡು ಬೆರಳು ಹಿಡಿಸಿದರೆ ಮೊಟ್ಟೆ ಇಡುತ್ತಿದೆ, ಎಲ್ಲೋ ಕದ್ದು ಇಡುತ್ತಿದೆ, ಹುಡುಕಿ. ಒಂದೇ ಬೆರಳು ಹಿಡಿಸಿದರೆ ನಿಂತಿದೆ, ಸುಮ್ಮನೆ ಬಿಡಿ. ಇಷ್ಟು ಹೇಳಿ ಕೈ ಒರೆಸಿಕೊಂಡರೆ ಮುಗಿಯಿತು, ಅದರ ಮೇಲೆ ಯಾರೂ ಎರಡು ಮಾತಾಡುತ್ತಿರಲಿಲ್ಲ.

ಚಿಕ್ಕವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮದುವೆಯಾಗಿ ಬಂದ ಎರಡನೇ ವರ್ಷ, "ಅಕ್ಕ, ನಾನೂ ನಾಲ್ಕು ಕೋಳಿ ಸಾಕ್ತೀನಿ, ನೀವೇ ಆರಿಸಿಕೊಡಿ" ಎಂದು ಗಂಟುಬಿದ್ದಳು. ದೊಡ್ಡವಳಿಗೆ ಅದು ಹೆಮ್ಮೆಯೇ ಆಗಿತ್ತು. ಜೊತೆಗೆ ಹೋಗಿ, ಮಾರುವವನನ್ನು ಗದರಿಸಿ, ಕಣ್ಣು ನೋಡಿ, ಕಾಲು ನೋಡಿ, ಒಂದೊಂದನ್ನೂ ಎತ್ತಿ ತೂಗಿ, ನಾಲ್ಕರ ಜಾಗದಲ್ಲಿ ಆರು ಎಳೆಯ ಹೇಂಟೆ ಆರಿಸಿಕೊಟ್ಟಳು. ಅದೇ ಈಗ ಅವಳ ಹೊಟ್ಟೆಗೆ ಬೆಂಕಿ ಇಟ್ಟಿತ್ತು.

ಯಾಕೆಂದರೆ ಆ ಆರೂ ಬೆಳಗಾದರೆ ಸಾಕು, ಒಂದರ ಹಿಂದೊಂದು ಗೂಡಿಗೆ ಹೋಗಿ ಬಂದು ಊರಿಗೆಲ್ಲ ಕೇಳುವಂತೆ ಕೊಕ್ಕೊಕ್ಕೋ ಎಂದು ಸಾರುತ್ತಿದ್ದವು. ಈ ಕಡೆ ಅವಳ ಐದರ ಗತಿಯೋ! ಒಂದೇ ಸಲಕ್ಕೆ ಗರಿ ಉದುರಿಸತೊಡಗಿ ಹಿತ್ತಿಲ ತುಂಬ ಹರಿದ ದಿಂಬಿನ ಹಾಗೆ ಗರಿ. ಕತ್ತು ಬೋಳು, ಬಾಲ ಬೋಳು, ನೋಡಿದರೆ ಯಾರೋ ಅರ್ಧ ಸುಲಿದು ಬಿಟ್ಟ ಹಾಗೆ. ನಾಲ್ಕು ಪೂರ್ತಿ ನಿಲ್ಲಿಸಿದ್ದವು. ಕಂದು ಬಣ್ಣದ್ದೊಂದು ಮಾತ್ರ ಯಾವಾಗಲಾದರೂ ಒಮ್ಮೆ ಚಿಪ್ಪೇ ಇಲ್ಲದ, ನೀರು ತುಂಬಿದ ಚೀಲದಂಥ ಮೊಟ್ಟೆ ಉದುರಿಸಿ, ತಾನೇ ಅದನ್ನು ತುಳಿದು ಒಡೆದು ಹೋಗುತ್ತಿತ್ತು.

ಕಾರಣ ಅವಳಿಗೆ ಗೊತ್ತಿಲ್ಲದ್ದೇನಲ್ಲ. ತನ್ನವಕ್ಕೆ ನಾಲ್ಕು ವರ್ಷ ದಾಟಿತ್ತು, ಹಗಲು ಬೇರೆ ಗಿಡ್ಡವಾಗುತ್ತಿತ್ತು, ಗರಿ ಉದುರಿಸುವಾಗ ಯಾವ ಕೋಳಿಯೂ ಮೊಟ್ಟೆ ಇಡುವುದಿಲ್ಲ. ಚಿಕ್ಕವಳ ಕೋಳಿಗಳಿಗೆ ಇದು ಮೊದಲನೇ ವರ್ಷ, ಎಂಥ ಚಳಿಯಲ್ಲೂ ಇಡುತ್ತವೆ. ಇದೇ ಮಾತನ್ನು ತಾನು ಎಷ್ಟು ಜನರಿಗೆ ಹೇಳಿ ಕಳಿಸಿರಲಿಲ್ಲ! ಆದರೂ ಗೋಡೆಯಾಚೆ ಒಂದು ಕೋಳಿ ಸಾರಿದರೆ ಸಾಕು, ಮೆಷಿನ್ ತುಳಿಯುತ್ತಿದ್ದ ಕಾಲು ನಿಂತುಹೋಗುತ್ತಿತ್ತು. ಮೊಟ್ಟೆಯ ಚಿಪ್ಪು ಹುರಿದು ಪುಡಿಮಾಡಿ ಹಾಕಿದಳು. ಗೂಡಿನ ಹುಲ್ಲು ಬದಲಿಸಿದಳು. ಗೂಡಿನೊಳಗೆ ಒಂದು ಬಲ್ಬು ಕೂಡ ಹಾಕಿದಳು. ಕೋಳಿಗಳು ಬಲ್ಬಿನ ಬೆಳಕಿನಲ್ಲಿ ಹಾಯಾಗಿ ಇನ್ನಷ್ಟು ಗರಿ ಉದುರಿಸಿದವು.

"ಮೊಟ್ಟೆ ತಾನೇ? ಅಂಗಡಿಯಿಂದ ತಂದರಾಯ್ತಪ್ಪ" ಎಂದ ಅವಳ ಗಂಡ. ಲಿಫ್ಟ್ ರಿಪೇರಿ ಮಾಡುವವನು. ಮೇಲೆ ಹೋಗಬೇಕು, ಕೆಳಗೆ ಬರಬೇಕು, ನಡುವೆ ಸಿಕ್ಕಿಕೊಳ್ಳಬಾರದು, ಅವನ ಲೋಕವೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು.

ಇನ್ನು ಚಿಕ್ಕವಳ ಧಾರಾಳ ಬೇರೆ. ಎರಡು ದಿನಕ್ಕೊಮ್ಮೆ ಗೋಡೆಯ ಮೇಲಿಂದ ಒಂದು ಬಟ್ಟಲು ಚಾಚುತ್ತಿದ್ದಳು. "ಅಕ್ಕ, ನಮ್ಮನೇಲಿ ಖರ್ಚಾಗೋದೇ ಇಲ್ಲ, ತಗೊಳ್ಳಿ."

"ಇಡು" ಎನ್ನುತ್ತಿದ್ದಳು ದೊಡ್ಡವಳು. ತಂದು ಅಡುಗೆಮನೆಯ ಮೇಲಿನ ಹಲಗೆಯಲ್ಲಿಡುತ್ತಿದ್ದಳು. ಒಂದನ್ನೂ ಬೇಯಿಸಲಿಲ್ಲ. ಅತ್ತೆಗೆ ಬೇಕಾದರೆ ಹಲಗೆಯ ಮೇಲೆಯೇ ಇದ್ದವು, ಆದರೆ ಚಿಕ್ಕವಳ ಮೊಟ್ಟೆಯನ್ನು ತಾನು ಬೇಯಿಸಿ, ತಟ್ಟೆಯಲ್ಲಿಟ್ಟು, ಅತ್ತೆ ಚಪ್ಪರಿಸುವುದನ್ನು ನಿಂತು ನೋಡುವುದು ಅವಳ ಕೈಲಿ ಆಗುತ್ತಿರಲಿಲ್ಲ. "ಅಲ್ಲೇ ಬಿಸಿಬಿಸಿ ತಿಂದು ಬನ್ನಿ ಅತ್ತೆ" ಎನ್ನುತ್ತಿದ್ದಳು. ಅತ್ತೆ ಹೋಗುತ್ತಿದ್ದರು. ಅವರು ಹೋದರಲ್ಲ ಎಂದು ಇವಳು ಮತ್ತೆ ಉರಿಯುತ್ತಿದ್ದಳು.

ಅದೂ ಹೇಗೋ ನಡೆಯುತ್ತಿತ್ತು. ಬೇಕರಿಯವನು ಬಂದ ದಿನ ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

ಬೀದಿಯ ತುದಿಯಲ್ಲಿ ಬೇಕರಿ ಇಟ್ಟವನು, ಹಳೆಯ ಪರಿಚಯ. ಅವನ ಕೋಳಿಗಳಿಗೆ ಎಷ್ಟೋ ಸಲ ಅವಳೇ ಮದ್ದು ಹೇಳಿದ್ದಳು. ಅವನು ಒಂದು ಹೇಂಟೆಯನ್ನು ಚೀಲದಲ್ಲಿ ಸುತ್ತಿಕೊಂಡು ಬರುವುದು ಕಿಟಕಿಯಿಂದ ಕಂಡಿತು. ಅವಳು ಸೂಜಿ ಕಾಲರಿಗೆ ಚುಚ್ಚಿ ಎದ್ದೇ ಬಿಟ್ಟಳು. ಅವನು ಅವಳ ಗೇಟು ದಾಟಿ ಮುಂದಿನ ಗೇಟಿಗೆ ಹೋದ.

ಅರೆನಿಮಿಷ ಅವಳು ಎದ್ದವಳು ಎದ್ದ ಹಾಗೇ ನಿಂತಳು. ಆಮೇಲೆ ಹಿತ್ತಿಲಿನಿಂದ ಚಿಕ್ಕವಳ ಗಾಬರಿಯ ದನಿ ಬಂತು. "ಅಕ್ಕಾ! ಅಕ್ಕಾ, ಒಂಚೂರು ಬನ್ನಿ!"

ಕೋಳಿ ಬಾಲ ತಗ್ಗಿಸಿ, ಕಣ್ಣು ಮುಚ್ಚಿ, ಮೈ ಉಬ್ಬಿಸಿಕೊಂಡು ನಿಂತಿತ್ತು. ದೊಡ್ಡವಳು ಹೊಟ್ಟೆ ಮುಟ್ಟಿದ ಕೂಡಲೇ ತಿಳಿಯಿತು, ಮೊಟ್ಟೆ ಅಡ್ಡ ಸಿಕ್ಕಿಕೊಂಡಿದೆ. ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ತರಿಸಿ ಕೋಳಿಯನ್ನು ಹೊಟ್ಟೆಯವರೆಗೆ ಮುಳುಗಿಸಿ ಹಿಡಿದಳು. ಅರ್ಧ ಗಂಟೆ ಮೊಣಕಾಲೂರಿ ಕೂತಳು. ಎಣ್ಣೆ ಹಚ್ಚಿದ ಬೆರಳಿನಿಂದ ಮೊಟ್ಟೆ ಬರುವ ಬಾಯಿ ಸಡಿಲಿಸಿದಳು. ಒತ್ತಬಾರದು, ಒಳಗೇ ಒಡೆದರೆ ಕೋಳಿ ಉಳಿಯುವುದಿಲ್ಲ ಎಂದು ಬೇಕರಿಯವನಿಗೆ ಹೇಳಿದಳು. ಕತ್ತಲಿನ ಡಬ್ಬದಲ್ಲಿ ಬೆಚ್ಚಗಿಟ್ಟು ಮೇಲೆ ಬಟ್ಟೆ ಮುಚ್ಚಿದಳು. ಒಂದು ಗಂಟೆಯೊಳಗೆ ಡಬ್ಬದಲ್ಲಿ ಒಂದು ದಪ್ಪ ಮೊಟ್ಟೆ, ಪಕ್ಕದಲ್ಲಿ ಏನೂ ಆಗೇ ಇಲ್ಲವೆನ್ನುವಂತೆ ಕೋಳಿ.

"ನಿಮ್ಮ ಕೈಗುಣ ದೊಡ್ಡದು" ಎಂದ ಬೇಕರಿಯವನು. ಅವನ ಮುಖವಿದ್ದದ್ದು ಚಿಕ್ಕವಳ ಕಡೆಗೆ. "ಈ ಮನೆ ಕೋಳಿ ನೋಡಿದರೇ ಗೊತ್ತಾಗುತ್ತಲ್ಲ, ಅದಕ್ಕೇ ಇಲ್ಲಿಗೆ ತಂದೆ."

ಚಿಕ್ಕವಳು "ಅಯ್ಯೋ ನಾನೇನು ಮಾಡಿದೆ, ಎಲ್ಲ ಅಕ್ಕಾನೇ..." ಎಂದಳು. ಹೇಳಿದ್ದು ನಿಜ. ಆದರೆ ಹೇಳುವಾಗ ಅವಳ ಮುಖ ಕೆಂಪೇರಿ ಅರಳಿತ್ತು. ದೊಡ್ಡವಳು ನೋಡಿದ್ದು ಅದೊಂದನ್ನೇ. ಒದ್ದೆ ಸೀರೆಯ ಅಂಚು ಹಿಂಡಿಕೊಂಡು ಮನೆಗೆ ಬಂದಳು.

ಅದಾಗಿ ಎರಡು ದಿನಕ್ಕೆ ಚಿಕ್ಕವಳ ಚುಕ್ಕಿ ಕೋಳಿ ಕಾವಿಗೆ ಕೂತಿತು. ಮೈತುಂಬ ಬಿಳಿ ಚುಕ್ಕಿಯಿದ್ದ, ಆರರಲ್ಲೇ ಗಟ್ಟಿಮುಟ್ಟಾದ ಹೇಂಟೆ ಅದು. ಗೂಡು ಬಿಟ್ಟು ಏಳದು, ಕೈ ಚಾಚಿದರೆ ಕೊಕ್ಕಿನಿಂದ ಕುಟ್ಟುವುದು, ಎದೆಯ ಗರಿ ಕಿತ್ತು ಹಾಸಿಕೊಳ್ಳುವುದು.

"ಅಕ್ಕ, ಮರಿ ಮಾಡಿಸೋಣ" ಎಂದಳು ಚಿಕ್ಕವಳು, ಕಣ್ಣಲ್ಲೇ ಕುಣಿಯುತ್ತ. "ನಮ್ಮ ಮೊಟ್ಟೆ ಇಟ್ಟರೆ ಪ್ರಯೋಜನ ಇಲ್ಲ ಅಲ್ವಾ, ಹುಂಜ ಇಲ್ಲ. ಹುಂಜ ಇರೋರ ಹತ್ರ ಎಲ್ಲಾದ್ರೂ ಮೊಟ್ಟೆ ಸಿಗುತ್ತಾ?"

"ನರ್ಸರಿ ಅಜ್ಜನ ಹತ್ರ ಸಿಗುತ್ತೆ. ನಾನೇ ತಂದುಕೊಡ್ತೀನಿ ಬಿಡು" ಎಂದಳು ದೊಡ್ಡವಳು. ಊರಾಚೆ ಗಿಡದ ನರ್ಸರಿ ಇಟ್ಟಿದ್ದ ಆ ಅಜ್ಜನ ಬಳಿ ಮೂರು ಹುಂಜ, ಇಪ್ಪತ್ತು ಹೇಂಟೆ. ತರುವುದೆಂದು ಮನಸ್ಸು ಮಾಡಿಯೇ ಅವಳು ಹೇಳಿದ್ದು. ಬುಟ್ಟಿಗೆ ಹೊಟ್ಟು ಹಾಸಿಕೊಂಡು ಮಾರನೆಯ ದಿನ ಬಸ್ ಸ್ಟಾಪಿನವರೆಗೆ ಹೋದದ್ದೂ ನಿಜ.

ಸ್ಟಾಪಿನಲ್ಲಿ ಬೇಕರಿಯವನು ಎದುರಾದ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬಿಸಿ ಬ್ರೆಡ್ಡು, ಮೇಲೊಂದು ಕೇಕಿನ ಡಬ್ಬ. "ನಿಮ್ಮ ಓರಗಿತ್ತಿ ಮನೇಲಿದ್ದಾರಾ?" ಎಂದು ಕೇಳಿದ. "ಆವತ್ತು ಕೋಳಿ ಉಳಿಸಿಕೊಟ್ರಲ್ಲ, ಕೊಟ್ಟು ಬರೋಣ ಅಂತ."

"ಇದ್ದಾಳೆ" ಎಂದಳು ದೊಡ್ಡವಳು.

ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ. ಮನೆಗೆ ಹಿಂದಿರುಗಿ, ಹಿಂಬಾಗಿಲಿನಿಂದ ಅಡುಗೆಮನೆಗೆ ನುಗ್ಗಿ, ಹಲಗೆಯ ಮೇಲಿದ್ದ ಚಿಕ್ಕವಳ ಮೊಟ್ಟೆಗಳನ್ನೇ ಇಳಿಸಿದಳು. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಒಂಬತ್ತು ಆರಿಸಿ ಹೊಟ್ಟಿನೊಳಗೆ ಹುದುಗಿಸಿದಳು. ಬಸ್ಸು ಹೋಗಿ ಬರುವಷ್ಟು ಹೊತ್ತು ಕೋಣೆಯಲ್ಲಿ ಕೂತಿದ್ದು, ಆಮೇಲೆ ಗೋಡೆಯ ಮೇಲಿಂದ ಬುಟ್ಟಿ ಕೊಟ್ಟಳು.

"ತಗೋ. ಅಜ್ಜ ಒಳ್ಳೆ ಮೊಟ್ಟೆ ಅಂತ ಆರಿಸಿ ಕೊಟ್ಟಿದ್ದಾನೆ."

"ಎಷ್ಟು ಒಳ್ಳೇವ್ರು ಅಕ್ಕ ನೀವು" ಎಂದಳು ಚಿಕ್ಕವಳು. ಅರ್ಧ ಕೇಕು ಕತ್ತರಿಸಿ ತಂದುಕೊಟ್ಟಳು. ದೊಡ್ಡವಳು ಅದನ್ನು ಗಂಡನಿಗೆ ಹಾಕಿದಳು. ಅವನು ಚೆನ್ನಾಗಿದೆ ಎಂದು ಇನ್ನೊಂದು ತುಂಡು ಕೇಳಿದ.

ಮೊದಲ ಎರಡು ದಿನ ಅವಳಿಗೆ ನಿಜಕ್ಕೂ ತಣ್ಣಗಾಯಿತು. ಗೋಡೆಯಾಚೆ ಯಾವ ಕೋಳಿ ಸಾರಿದರೂ ಈಗ ಮೆಷಿನ್ ನಿಲ್ಲುತ್ತಿರಲಿಲ್ಲ. ಇಪ್ಪತ್ತೊಂದನೆಯ ದಿನ ಚಿಕ್ಕವಳ ಮುಖ ಹೇಗಿರುತ್ತದೆ ಎಂದು ನೆನೆಸಿಕೊಂಡು ಯೂನಿಫಾರ್ಮಿನ ಗುಂಡಿ ಹೊಲಿದಳು. ಬೀದಿಯವರು ಏನನ್ನುತ್ತಾರೆ ಎಂದೂ ನೆನೆಸಿಕೊಂಡಳು. ಮೊಟ್ಟೆ ಇಡಿಸಿದರೆ ಸಾಲದು, ಮರಿ ಮಾಡಿಸಲು ಅನುಭವ ಬೇಕು ಎನ್ನುತ್ತಾರೆ.

ಏಳನೆಯ ದಿನ ಸಂಜೆ ಚಿಕ್ಕವಳು ಕರೆದಳು. ಅಂಗಡಿಯಿಂದ ಪೆನ್ನಿನಷ್ಟು ಸಣ್ಣ, ಜೋರು ಬೆಳಕಿನ ಟಾರ್ಚು ತಂದಿದ್ದಳು. "ಮೊಟ್ಟೆ ಹಿಂದೆ ಬೆಳಕು ಹಿಡಿದರೆ ಒಳಗೆ ರಕ್ತನಾಳ ಕಾಣುತ್ತಂತಲ್ಲ ಅಕ್ಕ. ನೋಡೋಣ ಬನ್ನಿ."

ಇಬ್ಬರೂ ಸಾಮಾನು ಕೋಣೆಯ ಬಾಗಿಲು ಹಾಕಿಕೊಂಡರು. ಚಿಕ್ಕವಳು ಒಂದು ಮೊಟ್ಟೆಯ ಬುಡಕ್ಕೆ ಟಾರ್ಚು ಒತ್ತಿದಳು. ಮೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ಬೆಳಗಿತು. ಒಳಗೆ ಏನೂ ಇಲ್ಲ. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ. ಎರಡನೆಯದೂ ಹಾಗೇ. ಮೂರನೆಯದೂ. ಅವಳು ಅವಸರ ಮಾಡಲಿಲ್ಲ. ಒಂದೊಂದನ್ನೂ ತಿರುಗಿಸಿ ತಿರುಗಿಸಿ ತೋರಿಸಿ, ದೊಡ್ಡವಳು ಏನಾದರೂ ಹೇಳುತ್ತಾಳೇನೋ ಎಂದು ಕಾದು, ಆಮೇಲೆ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದಳು. ಒಂಬತ್ತೂ ಮುಗಿಯುವಷ್ಟರಲ್ಲಿ ದೊಡ್ಡವಳ ಬೆನ್ನು ಬೆವೆತಿತ್ತು.

"ಎಲ್ಲ ಖಾಲಿ" ಎಂದಳು ಚಿಕ್ಕವಳು.

"ಅಜ್ಜನ ಹುಂಜಕ್ಕೆ ವಯಸ್ಸಾಗಿರಬೇಕು" ಎಂದಳು ದೊಡ್ಡವಳು.

"ಮೂರಕ್ಕೂನಾ?"

"ಬಸ್ಸಲ್ಲಿ ಕುಲುಕಿರಬಹುದು."

"ಇರಬಹುದು" ಎಂದಳು ಚಿಕ್ಕವಳು. ಟಾರ್ಚು ಆರಿಸಿದಳು.

ಅಲ್ಲಿಗೆ ಮುಗಿಯಿತು, ಮೊಟ್ಟೆ ಎಸೆದು ಚುಕ್ಕಿಯನ್ನು ಎಬ್ಬಿಸುತ್ತಾಳೆ ಎಂದುಕೊಂಡಿದ್ದಳು ದೊಡ್ಡವಳು. ಆದರೆ ಮಾರನೆಯ ದಿನ ಇಣುಕಿದರೆ ಚುಕ್ಕಿ ಕೂತೇ ಇತ್ತು, ಅದೇ ಮೊಟ್ಟೆಗಳ ಮೇಲೆ. ಅದರ ಮಾರನೆಯ ದಿನವೂ. ಖಾಲಿ ಎಂದು ಗೊತ್ತಿದ್ದೂ ಯಾಕೆ ತೆಗೆದಿಲ್ಲ? ಕೇಳಲು ಬಾಯಿಲ್ಲ. ಗೋಡೆಯ ಬಳಿ ಹೋಗುವುದು, ನೋಡುವುದು, ಬರುವುದು. ಹೊಲಿಗೆ ಓಡಲಿಲ್ಲ. ಒಂದು ಪ್ಯಾಂಟಿನ ಎರಡು ಕಾಲನ್ನೂ ಬೇರೆ ಬೇರೆ ಅಳತೆಗೆ ಮಡಿಚಿ, ಗಿರಾಕಿಯಿಂದ ಬೈಸಿಕೊಂಡಳು.

ಚುಕ್ಕಿ ದಿನಕ್ಕೊಮ್ಮೆ ಎದ್ದು ಬರುತ್ತಿತ್ತು. ನಾಲ್ಕು ಗುಟುಕು ನೀರು, ಎರಡು ಕಾಳು, ಒಂದೇ ಓಟಕ್ಕೆ ವಾಪಸ್ಸು ಗೂಡಿಗೆ. ಮೊಟ್ಟೆ ತಣ್ಣಗಾದೀತೆಂಬ ಅವಸರ ಅದಕ್ಕೆ. ಅದು ಓಡುವುದನ್ನು ನೋಡಿದಾಗಲೆಲ್ಲ ದೊಡ್ಡವಳ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಆದರೂ ಹೇಳಲಿಲ್ಲ. ಹೇಳಿದರೆ ಚಿಕ್ಕವಳು ಇನ್ನಷ್ಟು ಒಳ್ಳೆಯವಳಾಗಿಬಿಡುತ್ತಾಳೆ. "ಪರವಾಗಿಲ್ಲ ಅಕ್ಕ" ಎಂದುಬಿಟ್ಟರೆ? ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಸುಳ್ಳೇ ವಾಸಿ ಅನ್ನಿಸಿತ್ತು.

ಹನ್ನೆರಡನೆಯ ದಿನ ಅತ್ತೆ ಮೊಟ್ಟೆ ತಿಂದು ಬಂದವರು ಬಾಗಿಲಲ್ಲೇ ಹೇಳಿದರು. "ಆ ಚುಕ್ಕಿ ನಿನ್ನೆ ನೀರಿಗೂ ಎದ್ದಿಲ್ವಂತೆ. ಕತ್ತು ಹೀಗೆ ಹಾಕ್ಕೊಂಡಿದೆ." ತಮ್ಮ ಕತ್ತನ್ನೇ ವಾಲಿಸಿ ತೋರಿಸಿದರು.

ಚಿಕ್ಕವಳು ಅಷ್ಟು ಹೊತ್ತಿಗೆ ಅಂಗಡಿಗೆ ಹೋಗಿದ್ದಳು. ದೊಡ್ಡವಳು ಮೆಷಿನ್ ಬಿಟ್ಟೆದ್ದು, ಹಿತ್ತಿಲಿಗೆ ಸ್ಟೂಲು ಎಳೆದು, ಐವತ್ತರ ಹತ್ತಿರದ ಮೈಯನ್ನು ಹೇಗೋ ಗೋಡೆಯ ಮೇಲೆ ಹತ್ತಿಸಿ, ಆಚೆ ಇಳಿದಳು. ಚುಕ್ಕಿಯನ್ನು ಎತ್ತಿದರೆ ಕೈಗೆ ತೂಕವೇ ಸಿಗಲಿಲ್ಲ, ಮಡಿಸಿಟ್ಟ ಬಟ್ಟೆಯ ಹಾಗೆ ಹಗುರ. ಜುಟ್ಟು ಬಿಳಿಚಿತ್ತು. ಹೊಟ್ಟೆಯ ಗರಿ ಸರಿಸಿದರೆ ಬರೀ ಚರ್ಮ, ಅದರ ಮೇಲೆ ಸಣ್ಣ ಹೇನುಗಳು ಸರಸರ ಹರಿಯುತ್ತಿದ್ದವು. ಎತ್ತಿಕೊಂಡರೂ ಅದು ಕುಟ್ಟಲಿಲ್ಲ. ಕಾವಿಗೆ ಕೂತ ಕೋಳಿ ಕುಟ್ಟುವುದನ್ನೂ ಬಿಟ್ಟಿತೆಂದರೆ ಅದರಲ್ಲಿ ಏನೂ ಉಳಿದಿಲ್ಲವೆಂದೇ ಅರ್ಥ.

ಅವಳು ಅಲ್ಲೇ ನೆಲದ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡು, ಬೆರಳನ್ನು ನೀರಿನಲ್ಲಿ ಅದ್ದಿ ಅದ್ದಿ ಕೊಕ್ಕಿಗೆ ಹನಿಸಿದಳು. ಬೂದಿ ತಂದು ಗರಿಗಳ ಬುಡಕ್ಕೆ ಉಜ್ಜಿದಳು. ನೆನೆಸಿದ ನುಚ್ಚು ಒಂದೊಂದೇ ಕಾಳು ತಿನ್ನಿಸಿದಳು. ಮಧ್ಯಾಹ್ನ ಊಟಕ್ಕೆ ಬಂದ ಚಿಕ್ಕವಳು ಹಿಂಬಾಗಿಲು ತೆಗೆದಾಗ ಅವಳು ಹಾಗೇ ಕೂತಿದ್ದಳು, ಸೆರಗೆಲ್ಲ ಬೂದಿ.

"ಅವು ಅಜ್ಜನ ಮೊಟ್ಟೆ ಅಲ್ಲ" ಎಂದಳು ದೊಡ್ಡವಳು, ತಲೆ ಎತ್ತದೆ. "ನೀನು ಕೊಟ್ಟವೇ. ನಾನು ಅಜ್ಜನ ಹತ್ರ ಹೋಗೇ ಇಲ್ಲ."

ಚಿಕ್ಕವಳು ಚೀಲ ಕೆಳಗಿಟ್ಟಳು. "ಗೊತ್ತಿತ್ತು."

"ಯಾವಾಗಿಂದ?"

"ಗೂಡಿಗೆ ಇಡುವಾಗಲೇ. ನಮ್ಮ ಬಿಳಿ ಕೋಳಿ ಮೊಟ್ಟೆಗೆ ನಡೂಲಿ ಒಂದು ಉಬ್ಬಿರುತ್ತೆ, ಪಟ್ಟಿ ಕಟ್ಟಿದ ಹಾಗೆ. ದಿನಾ ಎತ್ತೋಳು ನಾನು, ನನಗೆ ಗೊತ್ತಾಗಲ್ವಾ?"

ದೊಡ್ಡವಳಿಗೆ ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. "ಗೊತ್ತಿದ್ದೂ ಈ ಬಾಯಿಲ್ಲದ ಪ್ರಾಣೀನ ಹನ್ನೆರಡು ದಿನ ಕೂರಿಸಿದೆಯಾ?"

"ಗೊತ್ತಿದ್ದೂ ನೀವು ಕೊಟ್ರಲ್ಲ?"

"ನಾನು ಕೊಟ್ಟೆ, ನನ್ನ ತಪ್ಪು. ಎಬ್ಬಿಸೋದು ನಿನ್ನ ಕೈಲಿತ್ತಲ್ಲ!"

"ನೀವು ಹೇಳ್ತೀರಾ ಅಂತ ಕಾದೆ" ಎಂದಳು ಚಿಕ್ಕವಳು. "ಟಾರ್ಚು ಹಿಡಿದು ಒಂಬತ್ತು ಸಲ ಕಾದೆ. ಆಮೇಲೆ ಹಟ ಬಂತು. ದಿನಾ ಗೋಡೆ ಹತ್ರ ಬಂದು ನೋಡ್ತಿದ್ರಲ್ಲ, ಎಷ್ಟು ದಿನ ನೋಡ್ತಾರೆ ನೋಡೇ ಬಿಡ್ತೀನಿ ಅಂತ. ನೀವು ಚಡಪಡಿಸೋದು ನೋಡಿ ನನಗೆ ಖುಷಿಯಾಗ್ತಿತ್ತು."

"ನಿನಗೆ ನನ್ನ ಮೇಲೆ ಏನು ಸಿಟ್ಟಿತ್ತೇ?"

"ಏನು ಸಿಟ್ಟಾ?" ಅವಳು ನಕ್ಕಳೋ ಬಿಕ್ಕಿದಳೋ ತಿಳಿಯಲಿಲ್ಲ. "ಈ ಮನೆಗೆ ಬಂದಾಗಿಂದ ನಮ್ಮನೆಯವರ ಬಾಯಲ್ಲಿ ಕೇಳ್ತಿರೋದು ಒಂದೇ. ಅತ್ತಿಗೆ ಹೀಗೆ ಮಾಡ್ತಾರೆ, ಅತ್ತಿಗೆ ಹಾಗೆ ಮಾಡ್ತಾರೆ. ಪರದೆ ಹಾಕಿದರೆ ಅತ್ತಿಗೆ ಹೊಲಿದಿದ್ರೆ ನೆಟ್ಟಗೆ ಬೀಳ್ತಿತ್ತು. ಅತ್ತೆ ದಿನಾ ನಮ್ಮನೇಲಿ ಕೂತು, ನಮ್ಮ ಮೊಟ್ಟೆ ತಿಂತಾ ಏನಂತಾರೆ ಗೊತ್ತಾ? ದೊಡ್ಡವಳು ಹಳದಿ ಮೆತ್ತಗೆ ಬೇಯಿಸ್ತಾಳೆ, ನಿಂದು ಕಲ್ಲು. ನನ್ನ ಕೈಲಿ ಸರಿಹೋಗಿದ್ದು ಕೋಳಿ ಒಂದೇ. ಅದಕ್ಕೂ ಜನ ಹೇಳೋದು, ಅಕ್ಕ ಆರಿಸಿಕೊಟ್ಟದ್ದಲ್ವಾ ಅಂತ. ಬೇಕರಿಯವನೊಬ್ಬ ಸೀದಾ ನನ್ನ ಹತ್ರ ಬಂದ, ಒಂದು ಸಲ. ಅದನ್ನೂ ನೀವು ತಡ್ಕೊಳ್ಳಲಿಲ್ಲ."

ಇದನ್ನು ಕೇಳಿ ದೊಡ್ಡವಳಿಗೆ ಮೊದಲು ಆದದ್ದು, ನಿಜ ಹೇಳಬೇಕೆಂದರೆ, ಸಂತೋಷ. ಅತ್ತೆ ಅಲ್ಲಿ ಕೂತು ತನ್ನ ಮೊಟ್ಟೆಯನ್ನೇ ಹೊಗಳುತ್ತಿದ್ದರೇ! ಇಷ್ಟು ದಿನದ ಉರಿಯ ಮೇಲೆ ತಣ್ಣೀರು ಬಿದ್ದಂತಾಯಿತು. ಮರುಕ್ಷಣವೇ ತೊಡೆಯ ಮೇಲಿನ ಚುಕ್ಕಿ ಕೊರಳೊಳಗೆ ಸಣ್ಣಗೆ ಕುಯ್‌ಗುಟ್ಟಿ, ಬಲವಿಲ್ಲದ ಕಾಲು ಊರಿ, ಗೂಡಿನ ಕಡೆಗೆ ಹೊರಳಲು ನೋಡಿತು. ಆಗ ನಾಚಿಕೆಯಾಯಿತು. ಅಂಥ ನಾಚಿಕೆ ಅವಳಿಗೆ ಜನ್ಮದಲ್ಲೇ ಆಗಿರಲಿಲ್ಲ.

"ನಾವಿಬ್ಬರೂ ಸೇರಿ ಇದನ್ನ ಕೊಲ್ತಿದ್ವಿ" ಎಂದಳು.

ಚಿಕ್ಕವಳು ಪಕ್ಕದಲ್ಲಿ ಕುಸಿದು ಕೂತು ನುಚ್ಚಿನ ಬಟ್ಟಲು ಹಿಡಿದುಕೊಂಡಳು. ಹೊತ್ತು ಮೀರಿತು. ಅವಳು ಅಂಗಡಿಗೆ ವಾಪಸ್ಸು ಹೋಗಲಿಲ್ಲ. ಗೋಡೆಯಾಚೆಯಿಂದ ಅತ್ತೆ ಒಂದೆರಡು ಸಲ ಕೆಮ್ಮಿದರು. ಆಮೇಲೆ ತಡೆಯಲಾರದೆ, "ನಾನು ಇನ್ನು ಮೊಟ್ಟೆ ಬಿಟ್ಟೆ ಕಣ್ರಮ್ಮ" ಎಂದು ಸಾರಿದರು. ಅದನ್ನು ಯಾರೂ ನಂಬಲಿಲ್ಲ.

ಈಗ ಏನು ಮಾಡುವುದು? ಹೊಸ ಮೊಟ್ಟೆ ಇಟ್ಟರೆ ಚುಕ್ಕಿ ಮತ್ತೆ ಇಪ್ಪತ್ತೊಂದು ದಿನ ಬದುಕುವುದಿಲ್ಲ. ತಂತಿಯ ಪಂಜರದಲ್ಲಿಟ್ಟು ಕಾವು ಬಿಡಿಸಬಹುದು, ಆದರೆ ಮೈಯಲ್ಲಿ ಕಸುವಿಲ್ಲದ ಕೋಳಿಗೆ ಅದೂ ಶಿಕ್ಷೆಯೇ. "ಮೊದಲು ನಾಲ್ಕು ದಿನ ಕೂತಲ್ಲೇ ತಿನ್ನಿಸಿ ಕಸುವು ತರಿಸೋಣ" ಎಂದಳು ದೊಡ್ಡವಳು. "ಆಮೇಲೆ ಅಜ್ಜನ ಹತ್ರ ಮರೀನೇ ಕೇಳೋಣ. ಎರಡು ದಿನದ ಮರಿ ಸಿಕ್ಕರೆ ತಾನೇ ಒಡೆಸಿದ್ದು ಅಂದ್ಕೊಳ್ಳುತ್ತೆ. ಒಪ್ಪಿದರೆ ಒಪ್ತು."

ಐದನೆಯ ದಿನ ಇಬ್ಬರೂ ಬಸ್ಸು ಹತ್ತಿದರು. ಅಜ್ಜ ದೊಡ್ಡವಳನ್ನು ನೋಡಿ, "ಏನಮ್ಮ, ವರ್ಷವಾಯ್ತು ಮುಖ ತೋರಿಸಿ!" ಎಂದ. ಚಿಕ್ಕವಳು ಗಿಡ ನೋಡುವ ನೆಪದಲ್ಲಿ ಆ ಕಡೆ ತಿರುಗಿದಳು. ಅದಕ್ಕಾಗಿ ದೊಡ್ಡವಳು ಮನಸ್ಸಿನಲ್ಲೇ ಅವಳಿಗೆ ಕೈ ಮುಗಿದಳು.

ಆರು ಮರಿ ತಂದರು. ಹೊತ್ತು ಮುಳುಗಿ ಗೂಡಿನೊಳಗೆ ಮಬ್ಬು ಕವಿಯುವ ಹೊತ್ತಿಗೆ ಚಿಕ್ಕವಳು ಖಾಲಿ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದಳು, ದೊಡ್ಡವಳು ಒಂದೊಂದು ಮರಿಯನ್ನು ಚುಕ್ಕಿಯ ರೆಕ್ಕೆಯಡಿ ತೂರಿಸಿದಳು. ಮೂರನೆಯ ಮರಿ ಚೀಂ ಎಂದಿತು. ಚುಕ್ಕಿ ಮೈ ಸೆಟೆಸಿ, ಕತ್ತು ಬಾಗಿಸಿ ನೋಡಿ, ಒಂದು ಕುಟುಕು ಕುಟುಕಿತು. ಮರಿ ಇನ್ನೂ ಒಳಕ್ಕೆ ನುಗ್ಗಿತು. ಚುಕ್ಕಿ ಮತ್ತೆ ಕೊಕ್ಕೆತ್ತಿತು, ಕುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಅದರ ಗಂಟಲಿನಿಂದ ಗುಡುಗುಡು ಎಂಬ ತಗ್ಗಿದ ಸದ್ದು ಹೊರಟಿತು. ಅದು ಮರಿಗಳನ್ನು ಕರೆಯುವ ಸದ್ದು. ರೆಕ್ಕೆ ಅಗಲಿಸಿ ಆರನ್ನೂ ಮುಚ್ಚಿಕೊಂಡು ಕೂತಿತು.

"ಒಪ್ತು" ಎಂದಳು ಚಿಕ್ಕವಳು, ಬಾಯಿಗೆ ಕೈ ಅಡ್ಡಹಿಡಿದು.

ಆರೂ ಬದುಕಿದವು. ಆದರೆ ಬೆಳೆಯುತ್ತ ಬೆಳೆಯುತ್ತ ನಾಲ್ಕು ಹುಂಜಗಳಾದವು. ಬೆಳ್ಳಂಬೆಳಗ್ಗೆ ಗಂಟಲು ಕಿತ್ತುಹೋಗುವಂತೆ ಕೂಗಿ, ಬೀದಿಯವರೆಲ್ಲ ಬಂದು ಗೇಟು ತಟ್ಟಿದ ಮೇಲೆ ಅಜ್ಜನಲ್ಲಿಗೇ ವಾಪಸ್ಸು ಹೋದವು. ಎರಡು ಹೇಂಟೆಗಳು ಉಳಿದವು. ಯಾರದ್ದೆಂದು ಯಾರೂ ಹೇಳಲಿಲ್ಲ. ಗೋಡೆ ಹಾರಿ ಎರಡೂ ಹಿತ್ತಿಲಲ್ಲಿ ಮೇಯುತ್ತಿದ್ದವು. ಅಷ್ಟರಲ್ಲಿ ದೊಡ್ಡವಳ ಕೋಳಿಗಳಿಗೂ ಹೊಸ ಗರಿ ಬಂದು, ಮೂರು ಮತ್ತೆ ಇಡತೊಡಗಿದ್ದವು, ದಿನಾ ಅಲ್ಲದಿದ್ದರೂ. ಇನ್ನೆರಡು ಇಡಲೇ ಇಲ್ಲ, ಅವಳೂ ಆಸೆ ಬಿಟ್ಟಳು.

ಹೊಸ ಹೇಂಟೆಗಳಲ್ಲಿ ಒಂದರ ಜುಟ್ಟು ಕೆಂಪೇರಿದಾಗ, ಇನ್ನು ವಾರದಲ್ಲಿ ಮೊಟ್ಟೆ ಇಡುತ್ತದೆ ಎಂದು ಗುರುತಿಸಿದವಳು ದೊಡ್ಡವಳೇ. ಅಂದಿನಿಂದ ಅವಳು ತನ್ನ ಗೂಡಿಗೆ ಮೆತ್ತನೆಯ ಹೊಸ ಹುಲ್ಲು ಹಾಸಿದಳು, ಯಾರಿಗೂ ಹೇಳದೆ. ಒಂದು ಬೆಳಿಗ್ಗೆ ಸಾರುವ ಸದ್ದು ಕೇಳಿ ಓಡಿ ಬಂದು ನೋಡಿದರೆ ಸದ್ದು ಆಚೆಯಿಂದ. ಚಿಕ್ಕವಳು ಪುಟ್ಟದೊಂದು ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಗೋಡೆಯ ಬಳಿ ನಿಂತಿದ್ದಳು.

"ನಮ್ಮ ಕಡೆ ಇಟ್ಟಿದೆ ಅಕ್ಕ."

ದೊಡ್ಡವಳು ಅದನ್ನು ನೋಡಿದಳು. ಹಳೆಯ ಉರಿ ಎಲ್ಲೂ ಹೋಗಿರಲಿಲ್ಲ, ಇದ್ದಲ್ಲೇ ಇತ್ತು.

"ಹೊಟ್ಟೆ ಉರೀತಿದೆ ಕಣೆ" ಎಂದಳು.

ಚಿಕ್ಕವಳು ಗಟ್ಟಿಯಾಗಿ ನಕ್ಕುಬಿಟ್ಟಳು. "ಉರೀಲಿ ಬಿಡಿ. ನಾಳೆ ನಿಮ್ಮ ಕಡೆ ಇಟ್ಟರೆ ನನಗೆ ಉರಿಯುತ್ತೆ."

ಒಳಗಿನಿಂದ ಅತ್ತೆ, ಮೊಟ್ಟೆ ಯಾವ ಮನೆಯಲ್ಲಿ ಬೇಯುತ್ತದೆಂದು ಬೇಗ ತೀರ್ಮಾನ ಮಾಡಿರಮ್ಮ ಎಂದು ಕೂಗಿದರು. ದೊಡ್ಡವಳು ಕೈ ಚಾಚಿ ಮೊಟ್ಟೆ ತೆಗೆದುಕೊಂಡಳು. "ಬಾ ಈ ಕಡೆ, ಹಳದಿ ಮೆತ್ತಗೆ ಬೇಯಿಸೋದು ಹೇಗೆ ಅಂತ ಹೇಳಿಕೊಡ್ತೀನಿ" ಎಂದಳು. ಹೇಳಿಕೊಡಬೇಕೆಂದು ಅವಳಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಆದರೂ ಹೇಳಿಕೊಟ್ಟಳು.